ಗ್ರೇಡಿಂಗ್‌ಗೆ ಕಳಿಸುವ ಮುನ್ನ: ಹನ್ನೆರಡು ನಾಣ್ಯದಲ್ಲಿ ಹೋಗಬೇಕಾದದ್ದು ಎಷ್ಟು?

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯಲ್ಲಿ. ಹೋದ ತಿಂಗಳು ಪಕ್ಕದ ಬೀದಿಯ ಹಿರಿಯರೊಬ್ಬರ ಮನೆ ಸಾಮಾನು ಮಾರಾಟಕ್ಕೆ ಬಂದಿತ್ತು. ನನ್ನ ಯಜಮಾನರು ಅಲ್ಲಿಂದ ಒಂದು ಡಬ್ಬಿ ನಾಣ್ಯ ತಂದರು. ಅದರಲ್ಲಿ ಅಮೆರಿಕದ ಹಳೆಯ ‘ಮಾರ್ಗನ್’ ಬೆಳ್ಳಿ ಡಾಲರ್‌ಗಳು 12 ಇವೆ. ಒಂದರ ಮೇಲೆ 1889 ಅಂತಿದೆ, ಹಿಂಬದಿಯಲ್ಲಿ ಸಣ್ಣಗೆ ‘ಸಿಸಿ’ ಅಂತಿದೆ. ಕೆಲವು ಕಪ್ಪಾಗಿವೆ. ಎಲ್ಲವನ್ನೂ ತೊಳೆದು ಗ್ರೇಡಿಂಗ್‌ಗೆ, ಅಂದರೆ ನಾಣ್ಯ ಅಸಲಿಯೇ, ಯಾವ ಸ್ಥಿತಿಯಲ್ಲಿದೆ ಅಂತ ನೋಡಿ ಅಂಕ ಹಾಕುವ ಸಂಸ್ಥೆಗೆ, ಕಳಿಸೋಣ ಅಂತಿದ್ದೇವೆ. ಫಾರ್ಮ್, ಪ್ಯಾಕಿಂಗ್, ವಿಮೆ ಇವನ್ನೆಲ್ಲ ಹೇಗೆ ಮಾಡುವುದು? ಇನ್ನೊಂದು ವಿಷಯ. ಮುಂದಿನ ತಿಂಗಳು ಮೈಸೂರಿನಿಂದ ಅಮ್ಮ ಬರುತ್ತಿದ್ದಾರೆ. ತಾತನ ಬೆಳ್ಳಿ ರೂಪಾಯಿಗಳನ್ನೂ ತರಿಸಿ ಒಟ್ಟಿಗೆ ಕಳಿಸಬಹುದಾ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಅಮ್ಮ ಸೂಟ್‌ಕೇಸ್ ಕಟ್ಟುವ ಮೊದಲು ಅದು ನಿಮಗೆ ತಲುಪಬೇಕು. ತಾತನ ರೂಪಾಯಿ ತರಿಸಬೇಡಿ.

ಭಾರತದ 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ನೂರು ವರ್ಷ ತುಂಬಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ದೇಶದ ಹೊರಗೆ ಒಯ್ಯಲು ಅವಕಾಶ ಇರುವುದು ಕೇಂದ್ರ ಸರ್ಕಾರಕ್ಕೆ, ಇಲ್ಲವೇ ಅದು ಅಧಿಕಾರ ಕೊಟ್ಟ ಸಂಸ್ಥೆಗೆ ಮಾತ್ರ. ‘ನಮ್ಮ ತಾತನದು, ಮಾರೋದಕ್ಕಲ್ಲ, ಸುಮ್ನೆ ತೋರಿಸಿ ವಾಪಸ್ ತರ್ತೀವಿ’ ಅಂದರೆ ಕಸ್ಟಮ್ಸ್‌ನವರು ಕೇಳುವುದಿಲ್ಲ. ಶಿಕ್ಷೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಮೇಲೆ ದಂಡ. ಅಮ್ಮನ ಬ್ಯಾಗಿನಲ್ಲಿ ಚಟ್ನಿಪುಡಿ ಬರಲಿ, ಅಷ್ಟು ಸಾಕು.

ನೂರು ವರ್ಷ ಅಂದರೆ ಟಿಪ್ಪು ಕಾಲ, ಒಡೆಯರ ಕಾಲ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಆನೆ ಚಿತ್ರದ ‘ಮಯಿಲಿ ಕಾಸು’ ನೂರು ದಾಟಿ ಎಷ್ಟೋ ಕಾಲವಾಯಿತು, ನಿಜ. ಆದರೆ ಲೆಕ್ಕ ಹಾಕಿ ನೋಡಿ. ಐದನೇ ಜಾರ್ಜ್ ತಲೆ ಇರುವ ಬೆಳ್ಳಿ ರೂಪಾಯಿಯನ್ನು ಚಲಾವಣೆಗೆಂದು ಅಚ್ಚು ಹಾಕಿದ ಕೊನೆಯ ವರ್ಷ 1922. ಅಂದರೆ ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್, ಮೂವರ ರೂಪಾಯಿಯೂ ಈಗ ಗೆರೆ ದಾಟಿವೆ. ನಮ್ಮ ಕಡೆ ದೇವರ ಪೆಟ್ಟಿಗೆಯಲ್ಲಿ ಇರುವುದು ಹೆಚ್ಚಾಗಿ ಇವೇ. ಉಳಿಯುವುದು 1938ರಿಂದೀಚೆಗೆ ಬಂದ ಆರನೇ ಜಾರ್ಜ್ ರೂಪಾಯಿ. ಅದರಲ್ಲೂ 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು, ನಾಣ್ಯ ರಾಶಿ ರಾಶಿ ಸಿಗುತ್ತವೆ, ಗ್ರೇಡಿಂಗ್ ಖರ್ಚೂ ಹುಟ್ಟುವುದಿಲ್ಲ. ಅಪರೂಪ ಅಂದರೆ 1939ರದ್ದು. ಅಪರೂಪ ಆದ್ದರಿಂದಲೇ ಅದರ ನಕಲಿಗೂ ಬರವಿಲ್ಲ. ತಾತನ ಗಂಟಿನಲ್ಲಿ 1939 ಕಂಡರೆ ಬೆಂಗಳೂರಿನಲ್ಲೇ ತಿಳಿದವರಿಗೆ ತೋರಿಸಲಿ.

ಈಗ ನಿಮ್ಮ ಡಬ್ಬಿಗೆ ಬರೋಣ. ‘ತೊಳೆದು’ ಅಂತ ಬರೆದಿದ್ದೀರಿ. ಆ ಪದ ಓದಿದಾಗ ಎದೆ ಧಸಕ್ಕೆಂದಿತು. ಇನ್ನೂ ತೊಳೆದಿಲ್ಲ ತಾನೇ?

ನಮ್ಮಜ್ಜಿ ಹತ್ತಿರ ಐದು ಬೆಳ್ಳಿ ರೂಪಾಯಿ ಇದ್ದವು. ಪ್ರತಿ ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದೊಳಗೆ ಹಾಕುತ್ತಿದ್ದರು. ಹಿಂದಿನ ದಿನ ಹುಣಸೆಹಣ್ಣು ಹಚ್ಚಿ, ಆಮೇಲೆ ವಿಭೂತಿಯಲ್ಲಿ ತಿಕ್ಕಿ, ಫಳಫಳ ಮಾಡಿಡುತ್ತಿದ್ದರು. ಅಜ್ಜಿ ಹೋದಮೇಲೆ ಅವು ನನ್ನ ಕೈಗೆ ಬಂದವು. ಭೂತಗನ್ನಡಿ ಹಿಡಿದು ನೋಡಿದರೆ ಎಡ್ವರ್ಡ್ ರಾಜನ ಗಡ್ಡ ನುಣ್ಣಗೆ ಕ್ಷೌರವಾಗಿತ್ತು! ನನಗೇನೂ ಬೇಜಾರಿಲ್ಲ. ಆ ರೂಪಾಯಿಗಳು ಇದ್ದದ್ದು ಲಕ್ಷ್ಮಿಗೆ, ಗ್ರೇಡರ್‌ಗಲ್ಲ. ಆದರೆ ಗ್ರೇಡಿಂಗ್‌ಗೆ ಹೋಗುವ ನಾಣ್ಯಕ್ಕೆ ಹುಣಸೆಹಣ್ಣು, ಟೂತ್‌ಪೇಸ್ಟ್, ಬೆಳ್ಳಿ ಪಾಲಿಶ್, ಕೊನೆಗೆ ಮೆತ್ತನೆ ಬಟ್ಟೆ ಕೂಡ ಶತ್ರು. ಬೆಳ್ಳಿ ಕಪ್ಪಾಗುವುದು ಕೊಳೆಯಿಂದಲ್ಲ. ಗಾಳಿಯಲ್ಲಿನ ಗಂಧಕ ಮೇಲ್ಪದರಕ್ಕೆ ಸೇರಿ ಹಾಗಾಗುತ್ತದೆ. ಅದನ್ನು ಕೆರೆದರೆ ಅಚ್ಚು ಬಿದ್ದ ದಿನದ ಮೂಲ ಚರ್ಮವೂ ಜೊತೆಗೆ ಹೋಗುತ್ತದೆ. ಆಮೇಲೆ ಎಷ್ಟು ಹೊಳೆದರೂ ಅದು ಸತ್ತ ಹೊಳಪು.

ನಾಣ್ಯವನ್ನು ಹಿಂದೆ ಯಾರಾದರೂ ತಿಕ್ಕಿದ್ದಾರಾ ಅಂತ ಮನೆಯಲ್ಲೇ ಕಂಡುಹಿಡಿಯಬಹುದು. ಕೋಣೆ ಕತ್ತಲು ಮಾಡಿ, ಒಂದೇ ಒಂದು ಟೇಬಲ್ ಲ್ಯಾಂಪ್ ಹಚ್ಚಿ. ಕೆಳಗೆ ದಪ್ಪ ಟವೆಲ್ ಹಾಸಿ. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿದು ನಿಧಾನಕ್ಕೆ ಓರೆ ಮಾಡಿ. ಮೂಲ ಚರ್ಮ ಉಳಿದಿದ್ದರೆ ಬೆಳಕು ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಸುತ್ತ ತಿರುಗುತ್ತದೆ. ತಿಕ್ಕಿದ್ದರೆ ಬೆಳಕು ತಿರುಗುವುದಿಲ್ಲ, ಸ್ಟೀಲ್ ತಟ್ಟೆಯ ಹಾಗೆ ಇಡೀ ಮುಖ ಒಂದೇ ಸಲ ಮಿಂಚುತ್ತದೆ. ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಓಡಿರುತ್ತವೆ. ನೋಡುವಾಗ ನಾಣ್ಯದ ಮೇಲೆ ಬಗ್ಗಿ ಮಾತಾಡಬೇಡಿ. ಎಂಜಲಿನ ಹನಿ ಬಿದ್ದು ವರ್ಷ ಕಳೆದಮೇಲೆ ಕಪ್ಪು ಚುಕ್ಕೆಯಾಗಿ ಏಳುತ್ತದೆ.

ಗ್ರೇಡಿಂಗ್ ಅಂಕ 1ರಿಂದ 70ರವರೆಗೆ. 1949ರಲ್ಲಿ ಡಾ. ವಿಲಿಯಂ ಶೆಲ್ಡನ್ ಅನ್ನುವವರು ಅಮೆರಿಕದ ಹಳೆಯ ದೊಡ್ಡ ತಾಮ್ರದ ಸೆಂಟ್‌ಗಳಿಗೆ ಅಂತ ಮಾಡಿದ ಅಳತೆ ಅದು, ಈಗ ಎಲ್ಲ ನಾಣ್ಯಕ್ಕೂ ಬಳಸುತ್ತಾರೆ. 60 ಮತ್ತು ಮೇಲೆ ಅಂದರೆ ಕೈಯಿಂದ ಕೈಗೆ ಓಡಾಡದ ನಾಣ್ಯ. ತಿಕ್ಕಿದ, ಗೀರಿದ, ಅಂಚು ಸವರಿದ ನಾಣ್ಯಕ್ಕೆ ಅಂಕ ಕೊಡುವುದಿಲ್ಲ. ‘ಡೀಟೇಲ್ಸ್’ ಅಂತ ಬರೆದು, ಪಕ್ಕದಲ್ಲಿ ‘ಕ್ಲೀನ್ಡ್’ ಅಂತ ಕಾರಣ ಹಾಕುತ್ತಾರೆ. ಶುಲ್ಕ ಮಾತ್ರ ಪೂರ್ತಿ ಹೋಗುತ್ತದೆ. ಕೊಳ್ಳುವವರು ಆ ಒಂದು ಪದ ನೋಡಿ ಬೆಲೆ ಇಳಿಸುತ್ತಾರೆ.

ನಿಮ್ಮ ಡಬ್ಬಿಯ ರಾಜ ಆ 1889ರ ಸಿಸಿ. ನಿಜವಾದದ್ದಾಗಿದ್ದರೆ. ಸಿಸಿ ಅಂದರೆ ನೆವಾಡಾದ ಕಾರ್ಸನ್ ಸಿಟಿ ಟಂಕಸಾಲೆ. 1885ರ ನಂತರ ಅಲ್ಲಿ ನಾಣ್ಯ ಹೊಡೆಯುವುದು ನಿಂತಿತ್ತು, 1889ರಲ್ಲಿ ಮತ್ತೆ ಶುರುವಾಯಿತು. ಆ ವರ್ಷ ಅಚ್ಚಾದದ್ದು 3,50,000 ಮಾತ್ರ. ಆಮೇಲೆ 1918ರ ಪಿಟ್‌ಮನ್ ಕಾಯ್ದೆ ಬಂದು 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್ ಕರಗಿ ಹೋದವು. ಹಾಗಾಗಿ ಇದು ಮಾರ್ಗನ್ ಸಾಲಿನಲ್ಲಿ ಎಲ್ಲರೂ ಹುಡುಕುವ ನಾಣ್ಯ. ಎಲ್ಲರೂ ಹುಡುಕುವುದನ್ನು ಕಳ್ಳರೂ ಮಾಡುತ್ತಾರೆ, ಅಲ್ವಾ? ಅದೇ ವರ್ಷ ಫಿಲಡೆಲ್ಫಿಯಾದಲ್ಲಿ ಅಚ್ಚಾದ ಡಾಲರ್‌ಗಳಿಗೆ ಗುರುತಕ್ಷರವೇ ಇಲ್ಲ, ಬೆಲೆಯೂ ಕಡಿಮೆ. ಅಂಥದ್ದರ ಹಿಂಬದಿಗೆ ಎರಡು ಸಣ್ಣ ‘ಸಿ’ ಅಂಟಿಸಿದರೆ ಕೆಲಸ ಮುಗಿಯಿತು.

ಆದ್ದರಿಂದ ಕಳಿಸುವ ಮೊದಲು ಇಷ್ಟು ನೋಡಿ. ಚಿನ್ನ ತೂಗುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ 26.73 ಗ್ರಾಂ ಹತ್ತಿರ ಬರಬೇಕು. ಸವೆದಿದ್ದರೆ ಸ್ವಲ್ಪ ಕಡಿಮೆ. ಅಡ್ಡಳತೆ 38.1 ಮಿಲಿಮೀಟರ್. ಆಯಸ್ಕಾಂತ ಅಂಟಬಾರದು. ಆಮೇಲೆ ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ತೆಗೆದುಕೊಂಡು ಹಿಂಬದಿಯಲ್ಲಿ ಹೂಮಾಲೆಯ ಗಂಟಿನ ಕೆಳಗೆ, ‘ಡಾಲರ್’ ಪದದ ‘ಡಿ’ ‘ಓ’ ಅಕ್ಷರಗಳ ಮೇಲೆ ನೋಡಿ. ಸಿಸಿ ಅಕ್ಷರಗಳ ಬುಡ ನಾಣ್ಯದ ಮೈಯಿಂದಲೇ ಎದ್ದು ಬಂದ ಹಾಗಿರಬೇಕು. ಬುಡದ ಸುತ್ತ ತೆಳು ಗೆರೆ, ಬೆಸುಗೆಯ ಮಬ್ಬು, ಅಲ್ಲಷ್ಟೇ ಬೇರೆ ಬಣ್ಣ ಕಂಡರೆ ಅನುಮಾನ ಪಡಿ. ಏನೂ ಕಾಣದಿದ್ದರೆ ಅಸಲಿ ಅಂತಲ್ಲ, ಕಳಿಸಲು ಅರ್ಹ ಅಂತ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಉಳಿದ ಹನ್ನೊಂದು? ಇಸವಿ ನೋಡಿ. 1921 ಅಂತಿದ್ದರೆ ಆಸೆ ಬಿಡಿ. ಫಿಲಡೆಲ್ಫಿಯಾ ಒಂದರಲ್ಲೇ ಆ ವರ್ಷ 4 ಕೋಟಿ 40 ಲಕ್ಷಕ್ಕೂ ಹೆಚ್ಚು ಅಚ್ಚಾದವು. 1881ರ ‘ಎಸ್’ ಗುರುತಿನದು, ಅಂದರೆ ಸ್ಯಾನ್ ಫ್ರಾನ್ಸಿಸ್ಕೋದ್ದು, ನೋಡಲು ಬಲು ಚೆಂದ. ಆದರೆ ಚೆಂದದವೇ ಬೇಕಾದಷ್ಟು ಉಳಿದಿವೆ. ಲೆಕ್ಕ ಸುಲಭ. ಶುಲ್ಕ, ಹೋಗುವ ಬರುವ ಅಂಚೆ, ವಿಮೆ ಎಲ್ಲ ಹಂಚಿ ಒಂದು ನಾಣ್ಯಕ್ಕೆ 60 ಡಾಲರ್ ಬೀಳುತ್ತದೆ ಅಂತ ಇಟ್ಟುಕೊಳ್ಳಿ. ಗ್ರೇಡಿಂಗ್ ಮುಗಿದು ಸಂಸ್ಥೆಯ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕೂತು ಬಂದಮೇಲೆ ನಾಣ್ಯದ ಬೆಲೆ 60ಕ್ಕಿಂತ ಚೆನ್ನಾಗಿಯೇ ಜಾಸ್ತಿ ಆಗುವುದಾದರೆ ಕಳಿಸಿ. ಇಲ್ಲದಿದ್ದರೆ ಆ ದುಡ್ಡಿಗೆ ಇನ್ನೊಂದು ನಾಣ್ಯ ಕೊಳ್ಳಿ. ಒಂದೊಂದು ಮಾರ್ಗನ್‌ನಲ್ಲೂ ಮುಕ್ಕಾಲು ಔನ್ಸ್‌ಗಿಂತ ಸ್ವಲ್ಪ ಜಾಸ್ತಿ ಶುದ್ಧ ಬೆಳ್ಳಿ ಇದೆ, ಆ ಬೆಲೆ ಎಲ್ಲೂ ಹೋಗುವುದಿಲ್ಲ. ನನ್ನ ಅಂದಾಜು ಕೇಳಿದರೆ ನಿಮ್ಮ ಹನ್ನೆರಡರಲ್ಲಿ ಹೋಗಬೇಕಾದದ್ದು ಒಂದು. ಬೇರೆ ಇಸವಿಯಲ್ಲಿ ಇನ್ನೊಂದು ಸಿಸಿ, ಅಥವಾ 1893ರ ‘ಎಸ್’ ಕಂಡರೆ ಎರಡು.

ಯಾರಿಗೆ ಕಳಿಸುವುದು? ಅಮೆರಿಕದಲ್ಲಿ ಮಾರುವಾಗ ಎಲ್ಲರೂ ಒಪ್ಪುವ ಹೆಸರು ಎರಡು. ಕ್ಯಾಲಿಫೋರ್ನಿಯಾದ ಪಿಸಿಜಿಎಸ್, ಫ್ಲಾರಿಡಾದ ಎನ್‌ಜಿಸಿ. ಮೊದಲನೆಯದು 1986ರಲ್ಲಿ ಗ್ರೇಡಿಂಗ್ ಶುರು ಮಾಡಿತು, ಎರಡನೆಯದು 1987ರಲ್ಲಿ, ಅದೂ ನಿಮ್ಮ ನ್ಯೂಜೆರ್ಸಿಯಲ್ಲೇ. ಇವೆರಡಕ್ಕಿಂತ ಹಳೆಯದು ಎಎನ್ಎಸಿಎಸ್, 1972ರಿಂದ ಇದೆ. ಮಾರ್ಗನ್‌ಗೆ ಮೊದಲೆರಡರಲ್ಲಿ ಯಾವುದಾದರೂ ನಡೆಯುತ್ತದೆ. ಇದರ ಬಗ್ಗೆ ಸಂಗ್ರಹಕಾರರು ಕಾಫಿ ಕುಡಿಯುತ್ತ ಗಂಟೆಗಟ್ಟಲೆ ಜಗಳವಾಡುತ್ತಾರೆ, ನೀವು ಆಡಬೇಕಾಗಿಲ್ಲ.

ನೇರವಾಗಿ ಕಳಿಸಬೇಕಾದರೆ ವರ್ಷಕ್ಕೆ ದುಡ್ಡು ಕಟ್ಟಿ ಸದಸ್ಯರಾಗಬೇಕು. ಒಂದು ನಾಣ್ಯಕ್ಕೆ ಅದು ದಂಡ. ಈ ಸಂಸ್ಥೆಗಳು ಒಪ್ಪಿದ ಅಧಿಕೃತ ಡೀಲರ್‌ಗಳಿರುತ್ತಾರೆ, ಪಟ್ಟಿ ಅವರ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅಂಥವರ ಮೂಲಕ ಹೋದರೆ ಅವರ ಕಂತೆಯಲ್ಲಿ ನಿಮ್ಮದೂ ಸೇರುತ್ತದೆ, ಅಂಚೆ ಖರ್ಚು ಹಂಚಿಹೋಗುತ್ತದೆ. ಕೊಡುವಾಗ ಎರಡೂ ಮುಖದ ಫೋಟೊ ತೆಗೆದು, ಇಸವಿ, ಗುರುತಕ್ಷರ, ತೂಕ ಬರೆದ ರಸೀದಿಗೆ ಸಹಿ ಹಾಕಿಸಿಕೊಳ್ಳಿ. ಇದನ್ನು ಕೇಳಲು ಸಂಕೋಚ ಪಡಬೇಡಿ, ಒಳ್ಳೆಯ ಡೀಲರ್ ತಾನೇ ಕೊಡುತ್ತಾನೆ. ಇನ್ನೊಂದು ದಾರಿ ದೊಡ್ಡ ನಾಣ್ಯ ಮೇಳ. ಬಾಲ್ಟಿಮೋರ್ ನಿಮಗೆ ಕಾರಿನಲ್ಲಿ ಹೋಗಿಬರುವ ದೂರ. ಅಲ್ಲಿನ ಮೇಳಕ್ಕೆ ಗ್ರೇಡಿಂಗ್ ಸಂಸ್ಥೆಯವರು ಬಂದು ಮೇಜು ಹಾಕಿದ್ದರೆ ಕೈಯಲ್ಲೇ ಕೊಟ್ಟು ಬರಬಹುದು, ಅಂಚೆಯ ಗೊಡವೆಯೇ ಇಲ್ಲ.

ಇಲ್ಲ, ನಾವೇ ಕಳಿಸುತ್ತೇವೆ, ಮುಂದೆ ಇನ್ನೂ ಕಳಿಸುವ ಆಸೆ ಇದೆ ಅಂತೀರಾ? ಸರಿ, ಹಾಗಾದರೆ ಕೂತುಕೊಂಡು ಫಾರ್ಮ್ ತುಂಬೋಣ.

ಫಾರ್ಮಿನಲ್ಲಿ ಜನ ಎಡವುವುದು ಒಂದೇ ಕಡೆ, ‘ಘೋಷಿತ ಮೌಲ್ಯ’ ಅನ್ನುವ ಕಾಲಂನಲ್ಲಿ. ಸೇವೆಯ ದರ್ಜೆಗಳು ನಾಣ್ಯದ ಬೆಲೆಯ ಮೇಲೆ ನಿಂತಿವೆ. ಅಗ್ಗದ ದರ್ಜೆಗೆ ಇಷ್ಟು ಡಾಲರ್‌ವರೆಗಿನ ನಾಣ್ಯ ಮಾತ್ರ ಅಂತ ಮಿತಿ ಇರುತ್ತದೆ. ಕಾಸಿಗೆ ತಕ್ಕ ಕಜ್ಜಾಯ. ಶುಲ್ಕ ಉಳಿಸೋಣ ಅಂತ ಸಾವಿರ ಡಾಲರಿನ ನಾಣ್ಯಕ್ಕೆ ಇನ್ನೂರು ಅಂತ ಬರೆದರೆ ಏನಾಗುತ್ತದೆ? ಅವರು ಕಂಡುಹಿಡಿದರೆ ಮೇಲಿನ ದರ್ಜೆಗೆ ಏರಿಸಿ ಹೆಚ್ಚಿಗೆ ವಸೂಲಿ ಮಾಡುತ್ತಾರೆ. ಅದು ಪರವಾಗಿಲ್ಲ. ನಾಣ್ಯ ವಾಪಸ್ ಬರುವಾಗ ಕಳೆದರೆ ನಿಮಗೆ ಸಿಗುವುದು ನೀವೇ ಬರೆದ ಇನ್ನೂರು! ಜಾಸ್ತಿ ಬರೆದರೆ ವಿಮೆ, ಅಂಚೆ ಎರಡೂ ಸುಮ್ಮನೆ ಏರುತ್ತವೆ. ಇತ್ತೀಚೆಗೆ ಹರಾಜಿನಲ್ಲಿ ಅದೇ ಇಸವಿಯ, ಅಷ್ಟೇ ಸವೆದ ನಾಣ್ಯ ಎಷ್ಟಕ್ಕೆ ಹೋಯಿತು ಅಂತ ನೋಡಿ, ಅದನ್ನೇ ಬರೆಯಿರಿ. ಆ ಪುಟದ ಪ್ರಿಂಟ್ ತೆಗೆದಿಡಿ. ಪರಿಹಾರ ಕೇಳುವ ದಿನ ಬಂದರೆ ಬೆಲೆಗೆ ಸಾಕ್ಷಿ ಕೇಳುತ್ತಾರೆ.

ಒಂದು ಫಾರ್ಮಿಗೆ ಒಂದೇ ದರ್ಜೆ. ಬೇರೆ ದರ್ಜೆಯ ನಾಣ್ಯ ಇದ್ದರೆ ಬೇರೆ ಫಾರ್ಮ್, ಆದರೆ ಎಲ್ಲವೂ ಒಂದೇ ಡಬ್ಬಿಯಲ್ಲಿ ಹೋಗಬಹುದು. ನಾಣ್ಯದ ಸಾಲಿನಲ್ಲಿ ದೇಶ, ಇಸವಿ, ಗುರುತಕ್ಷರ, ಮುಖಬೆಲೆ. ಒಂದು ಪ್ರತಿ ಡಬ್ಬಿಯೊಳಗೆ, ಇನ್ನೊಂದು ನಿಮ್ಮ ಹತ್ತಿರ.

ಇನ್ನು ಫ್ಲಿಪ್. ಎರಡು ಜೇಬಿನ ಪಾರದರ್ಶಕ ಪುಟ್ಟ ಚೀಲ ಅದು. ಒಂದು ಜೇಬಿಗೆ ನಾಣ್ಯ, ಇನ್ನೊಂದಕ್ಕೆ ಫಾರ್ಮ್ ಸಂಖ್ಯೆ ಮತ್ತು ಸಾಲಿನ ಸಂಖ್ಯೆ ಬರೆದ ಚೀಟಿ. ಮೈಲಾರ್ ಅನ್ನುವ ಪ್ಲಾಸ್ಟಿಕ್ಕಿನ ಎರಡೂವರೆ ಇಂಚಿನ ಫ್ಲಿಪ್ ತೆಗೆದುಕೊಳ್ಳಿ. ಗುರುತಿಸುವುದು ಸುಲಭ, ಬಿರುಸಾಗಿರುತ್ತದೆ, ಮಡಿಸಿದರೆ ಚರಚರ ಅನ್ನುತ್ತದೆ. ಮೆತ್ತಗಿದ್ದು, ಹೊಸ ಮಳೆಕೋಟಿನ ವಾಸನೆ ಬಂದರೆ ಅದು ಪಿವಿಸಿ. ವರ್ಷಗಟ್ಟಲೆ ಅದರಲ್ಲಿ ಇಟ್ಟರೆ ನಾಣ್ಯದ ಮೇಲೆ ಹಸಿರು ಜಿಗುಟು ಕೂರುತ್ತದೆ. ನಿಮ್ಮ ಡಬ್ಬಿಯಲ್ಲಿ ಅಂಥದ್ದು ಕಂಡರೆ ನೀವು ಒರೆಸಲು ಹೋಗಬೇಡಿ, ದೊಡ್ಡ ಗ್ರೇಡಿಂಗ್ ಸಂಸ್ಥೆಗಳಲ್ಲಿ ಅದನ್ನು ತೆಗೆಯುವ ವಿಭಾಗವೇ ಬೇರೆ ಇದೆ.

ಹಳೆಯ ಸಂಗ್ರಹಗಳಲ್ಲಿ ನಾಣ್ಯವನ್ನು ರಟ್ಟಿನ ಚೌಕದಲ್ಲಿಟ್ಟು ನಾಲ್ಕು ಕಡೆ ಪಿನ್ ಹೊಡೆದಿರುತ್ತಾರೆ. ಅದರಿಂದ ಬಿಡಿಸಿ ಕಳಿಸಬೇಕು. ನಾನು ಹೊಸದರಲ್ಲಿ ಅವಸರ ಮಾಡಿ ಎರಡು ಪಿನ್ ತೆಗೆದು, ಇನ್ನೆರಡು ಬಿಟ್ಟು, ರಟ್ಟನ್ನು ಬಾಳೆಹಣ್ಣಿನ ಸಿಪ್ಪೆ ಎಳೆದ ಹಾಗೆ ಎಳೆದೆ. ನಾಣ್ಯ ಜಾರಿತು, ಪಿನ್ನಿನ ತುದಿ ನಾಣ್ಯದ ಮೇಲಿನ ಲಿಬರ್ಟಿ ದೇವಿಯ ಕೆನ್ನೆ ಮೇಲೆ ಕಿವಿಯಿಂದ ಗಲ್ಲದವರೆಗೆ ಹಾದುಹೋಯಿತು. ನೂರು ವರ್ಷ ಯಾರೂ ಮಾಡದ ಗಾಯವನ್ನು ನಾನು ಅರೆಕ್ಷಣದಲ್ಲಿ ಮಾಡಿದ್ದೆ. ಮೊದಲು ನಾಲ್ಕೂ ಪಿನ್ ಪೂರ್ತಿ ತೆಗೆಯಿರಿ, ಎಣಿಸಿ ಪಕ್ಕಕ್ಕಿಡಿ, ಆಮೇಲೆ ರಟ್ಟು ಬಿಚ್ಚಿ.

ಪ್ಯಾಕಿಂಗ್‌ನಲ್ಲಿ ಒಂದೇ ಸೂತ್ರ, ಏನೂ ಅಲ್ಲಾಡಬಾರದು. ಫ್ಲಿಪ್ ಅನ್ನು ಅದಕ್ಕಿಂತ ದೊಡ್ಡದಾದ ಎರಡು ರಟ್ಟಿನ ನಡುವೆ ಇಟ್ಟು ರಬ್ಬರ್ ಬ್ಯಾಂಡ್ ಹಾಕಿ. ಸುತ್ತ ಗುಳ್ಳೆ ಪ್ಲಾಸ್ಟಿಕ್ ಸುತ್ತಿ ಸಣ್ಣ ಡಬ್ಬಿಗೆ, ಆ ಡಬ್ಬಿಯನ್ನು ಇನ್ನೊಂದು ಗಟ್ಟಿ ಡಬ್ಬಿಗೆ, ನಡುವಿನ ಜಾಗಕ್ಕೆ ಪೇಪರ್ ತುರುಕಿ. ಮುಚ್ಚುವ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಸದ್ದು ಬಂದರೆ ಬಿಚ್ಚಿ ಮತ್ತೆ ಮಾಡಿ. ವಿಳಾಸದಲ್ಲಿ ಸಂಸ್ಥೆಯ ಹೆಸರಿನ ಮೊದಲಕ್ಷರಗಳಷ್ಟೇ ಇರಲಿ. ‘ನಾಣ್ಯ’ ಅನ್ನುವ ಅರ್ಥದ ಯಾವ ಪದವೂ ಡಬ್ಬಿಯ ಮೇಲೆ ಬೇಡ. ಅಂಚೆಗೊಂದು ವಿಳಾಸ, ಕೊರಿಯರ್‌ಗೊಂದು ವಿಳಾಸ ಇರುತ್ತದೆ, ಸರಿಯಾದದ್ದನ್ನು ಬರೆಯಿರಿ.

ಕಳಿಸುವುದು ಅಮೆರಿಕದ ಅಂಚೆಯ ರಿಜಿಸ್ಟರ್ಡ್ ಮೇಲ್‌ನಲ್ಲಿ. ಖಾಸಗಿ ಕೊರಿಯರ್‌ಗಳ ನಿಯಮದಲ್ಲಿ ಸಂಗ್ರಹದ ನಾಣ್ಯ ಸಾಮಾನ್ಯವಾಗಿ ಒಂದೋ ನಿಷಿದ್ಧ, ಇಲ್ಲವೇ ಪರಿಹಾರದಿಂದ ಹೊರಗೆ. ದುಡ್ಡು ಕಟ್ಟಿಸಿಕೊಂಡು, ಕಳೆದಮೇಲೆ ಆ ಸಾಲು ತೋರಿಸುತ್ತಾರೆ. ರಿಜಿಸ್ಟರ್ಡ್ ಮೇಲ್‌ನಲ್ಲಿ 50,000 ಡಾಲರ್‌ವರೆಗೆ ವಿಮೆ ಸಿಗುತ್ತದೆ. ಡಬ್ಬಿ ಪ್ರತಿ ಹಂತದಲ್ಲೂ ಸಹಿ ಆಗಿ, ಬೀಗದೊಳಗೆ ಹೋಗುತ್ತದೆ. ಆದರೆ ಒಂದು ಷರತ್ತು. ಹೊಳೆಯುವ ಪ್ಲಾಸ್ಟಿಕ್ ಟೇಪ್ ಹಾಕಿದರೆ ಕೌಂಟರಿನಲ್ಲಿ ವಾಪಸ್ ಕೊಡುತ್ತಾರೆ. ನೀರು ಹಚ್ಚಿ ಅಂಟಿಸುವ ಕಂದು ಬಣ್ಣದ ಕಾಗದದ ಟೇಪ್ ಬೇಕು. ಪ್ರತಿ ಸಂದಿನ ಮೇಲೂ ಅಂಚೆಯ ಮೊಹರು ಒತ್ತುತ್ತಾರೆ, ಆ ಶಾಯಿ ಕಾಗದಕ್ಕೆ ಇಳಿಯಬೇಕು. ಯಾರಾದರೂ ಟೇಪ್ ಬಿಚ್ಚಿ ಮತ್ತೆ ಅಂಟಿಸಿದರೆ ಮೊಹರು ಸಾಲು ತಪ್ಪಿ ಗುಟ್ಟು ಬಯಲಾಗುತ್ತದೆ. ಡಬ್ಬಿಯನ್ನು ಕೌಂಟರಿನಲ್ಲೇ ಕೊಡಬೇಕು, ಬೀದಿಯ ಅಂಚೆಪೆಟ್ಟಿಗೆಗೆ ಹಾಕುವಂತಿಲ್ಲ.

ಇದು ನಿಧಾನ. ಟ್ರ್ಯಾಕಿಂಗ್‌ನಲ್ಲಿ ದಿನಗಟ್ಟಲೆ ಹೊಸ ಸಾಲು ಬರದೇ ಇರಬಹುದು. ಮೊದಲ ಸಲ ನಾನು ರಾತ್ರಿ ಎರಡು ಗಂಟೆಗೆ ಎದ್ದು ಫೋನ್ ನೋಡುತ್ತಿದ್ದೆ. ನಮ್ಮ ಮನೆಯವರು ‘ಮಗಳು ಹಾಸ್ಟೆಲ್‌ಗೆ ಹೋದಾಗಲೂ ನೀವು ಹೀಗೆ ಎದ್ದಿರಲಿಲ್ಲ’ ಅಂದರು. ಬೀಗ ಬೀಗ ದಾಟಿ ಹೋಗುವ ಡಬ್ಬಿ ಹಾಗೇ, ನೀವು ನಿದ್ದೆ ಮಾಡಿ. ತಲುಪಿದಮೇಲೂ ಅವರ ಪುಸ್ತಕಕ್ಕೆ ಏರಲು ಕೆಲವು ದಿನ ಹಿಡಿಯುತ್ತದೆ. ಅಲ್ಲಿ ಒಬ್ಬರಿಗಿಂತ ಹೆಚ್ಚು ಗ್ರೇಡರ್‌ಗಳು ಬೇರೆ ಬೇರೆಯಾಗಿ ನೋಡಿ ಅಂಕ ಹಾಕುತ್ತಾರೆ. ನಾಣ್ಯ ಯಾರದು ಅಂತ ಅವರಿಗೆ ಗೊತ್ತಿರುವುದಿಲ್ಲ.

ಅಸಲಿಯಾದರೆ ಸ್ಲ್ಯಾಬ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲ್ ಆಗಿ, ಅಂಕ ಮತ್ತು ಪ್ರಮಾಣಪತ್ರ ಸಂಖ್ಯೆಯ ಚೀಟಿಯೊಂದಿಗೆ ಬರುತ್ತದೆ. ನಕಲಿಯಾದರೆ ಪೆಟ್ಟಿಗೆ ಇಲ್ಲದೆ, ‘ಅಸಲಿಯಲ್ಲ’ ಅನ್ನುವ ಚೀಟಿಯೊಂದಿಗೆ ಬರುತ್ತದೆ, ಶುಲ್ಕ ವಾಪಸ್ ಬರುವುದಿಲ್ಲ. ವಾಪಸ್ ಬಂದ ಡಬ್ಬಿಯನ್ನು ವಿಡಿಯೊ ಮಾಡುತ್ತಾ ಬಿಚ್ಚಿ. ಚೀಟಿಯ ಸಂಖ್ಯೆಯನ್ನು ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿ ತಾಳೆ ನೋಡಿ. ಇಸವಿ, ಗುರುತಕ್ಷರ ತಪ್ಪಾಗಿದ್ದರೆ ತಕ್ಷಣ ಬರೆಯಿರಿ, ತಿದ್ದಿಕೊಡುತ್ತಾರೆ. ಮುಟ್ಟಿ ನೋಡೋಣ ಅಂತ ಸ್ಲ್ಯಾಬ್ ಒಡೆದರೆ ಗ್ಯಾರಂಟಿ ಅಲ್ಲಿಗೆ ಮುಗಿಯಿತು.

ತಾತನ ರೂಪಾಯಿಗಳದ್ದು ಒಂದು ಕೆಲಸ ಮಾಡಬಹುದು. ಅಮ್ಮ ಹೊರಡುವ ಮೊದಲು ಒಂದೊಂದರದ್ದೂ ಎರಡು ಮುಖದ ಫೋಟೊ ತೆಗೆಸಿ ಕಳಿಸಲಿ, ಕಿಟಕಿ ಬೆಳಕಿನಲ್ಲಿ, ಇಸವಿ ಓದುವ ಹಾಗೆ. ಯಾವುದಾದರೂ ಅಪರೂಪದ್ದಿದ್ದರೆ ನನಗೂ ತೋರಿಸಿ. ಫೋಟೊದಲ್ಲಿ ಚೆನ್ನಾಗಿ ಕಾಣಲಿ ಅಂತ ಅವರು ಹುಣಸೆಹಣ್ಣು ನೆನೆಹಾಕುವ ಮೊದಲು, ಇವತ್ತೇ ಫೋನ್ ಮಾಡಿಬಿಡಿ.